ಹೊಸ ಎಂಜಿನ್ ಬಯ್ಯದವನು

ನಾವು ನಾಲ್ವರೂ ಪೈಲಟ್‌ಗಳು, ನಾಲ್ವರೂ ಒಂದೇ ಜಿಲ್ಲೆಯವರು. ವಿಮಾನ ತರಬೇತಿ ಶಾಲೆಯಲ್ಲಿ ದೇಶದ ಎಲ್ಲ ಮೂಲೆಯ ಹುಡುಗರ ನಡುವೆ ಒಬ್ಬರನ್ನೊಬ್ಬರು ಪತ್ತೆಹಚ್ಚಿದ್ದು ಮಾತಿನಿಂದ. ಅಂದಿನಿಂದ ಹೆಸರು ಬಿಟ್ಟು ಊರು ಹಿಡಿದು ಕರೆಯುವ ರೂಢಿ ಬಿತ್ತು. ನಾನು ಸಿಂದಗಿ ತಾಲೂಕಿನ ಯಂಕಂಚಿಯವನಾದರೂ ಅವರಿಗೆ ಬರೀ ಸಿಂದಗಿ. ಉಳಿದವರು ಇಂಡಿ, ಬಾಗೇವಾಡಿ, ಮುದ್ದೇಬಿಹಾಳ. ಇಂಡಿಯವನದು ಮಾಸ್ತರರ ಮನೆ. ಒಳಗೆ ಮರಾಠಿ, ಹೊರಗೆ ಕನ್ನಡ. ಬಾಗೇವಾಡಿಯವನದು ಕಾಳುಕಡಿಯ ದಲ್ಲಾಳಿತನದ ಅಡತಿ ಅಂಗಡಿಯ ಮನೆತನ. ಮುದ್ದೇಬಿಹಾಳದವನದು ನೀರಾವರಿ ಹೊಲವಿದ್ದ ಒಕ್ಕಲುತನ. ಅವನೇ ನಮ್ಮೆಲ್ಲರಿಗಿಂತ ಒಳ್ಳೆಯ ಪೈಲಟ್. ಇದನ್ನು ಈಗ ಬರೆಯುವುದು ಸುಲಭ. ಆಗ ಬಾಯಲ್ಲಿ ಬರುತ್ತಿರಲಿಲ್ಲ.

ರಜೆ ಕೂಡಿಬಂದಾಗ ನಿಡಗುಂದಿ ಹತ್ತಿರದ ಹೆದ್ದಾರಿ ಢಾಬಾದಲ್ಲಿ ಸೇರುತ್ತಿದ್ದೆವು. ಇಂಡಿಯವನಿಗೆ ಅದು ದೂರ, ಪ್ರತಿ ಸಲ ಗೊಣಗುತ್ತಲೇ ಬರುತ್ತಿದ್ದ. ಮಿರ್ಚಿ ಭಜಿ, ಗಿರಮಿಟ್, ಮೂರು ಮೂರು ಸಲ ಚಹಾ. ಮಾತು ಮಾತ್ರ ಎರಡೇ: ಯಾವ ವಿಮಾನಕ್ಕೆ ಯಾವ ಹುಚ್ಚು, ಯಾವ ಕಂಪನಿ ಮುಂದಿನ ಸಲ ಸಾಯುತ್ತದೆ.

ಒಂದೇ ಕಾರ್ಖಾನೆಯಿಂದ ಹೊರಬಿದ್ದ ವಿಮಾನಗಳಿಗೂ ಬೇರೆ ಬೇರೆ ಹಟ ಇರುತ್ತವೆ. ನಾನು ಹಾರಿಸುತ್ತಿದ್ದ ಒಂದಕ್ಕೆ ಹಿಂದಿನ ಬಾಗಿಲು ಮುಚ್ಚಿದ್ದರೂ ತೆರೆದಿದೆ ಎಂದು ದೀಪ ಹಚ್ಚಿಕೊಂಡು ಕೂಡುವ ಚಾಳಿ. ಒಮ್ಮೆ ತೆಗೆದು ಜೋರಾಗಿ ಹಾಕಿದರೆ ಸುಮ್ಮನಾಗುತ್ತಿತ್ತು. ಇಂಡಿಯವನ ಕಂಪನಿಯಲ್ಲಿ ಒಂದಿತ್ತಂತೆ, ಅದರಲ್ಲಿ ಎಡಗಡೆ ಕೂತ ಕ್ಯಾಪ್ಟನ್ನನ ಕಾಲು ಬೇಯುತ್ತಿತ್ತು, ಬಲಗಡೆ ಕೂತವನ ಕಾಲು ಮರಗಟ್ಟುತ್ತಿತ್ತು. ಕಂಪನಿ ಸಾಯುವ ಲಕ್ಷಣಗಳೂ ನಮಗೆ ಬಾಯಿಪಾಠ. ಮೊದಲು ಸಿಬ್ಬಂದಿಯ ಊಟದ ಡಬ್ಬಿಯಿಂದ ಸಿಹಿ ಮಾಯವಾಗುತ್ತದೆ. ಆಮೇಲೆ ತಂಗುವ ಹೋಟೆಲು ಬದಲಾಗುತ್ತದೆ. ಕೊನೆಗೆ ನಿಂತ ವಿಮಾನದ ಸಾಮಾನು ಬಿಚ್ಚಿ ಹಾರುವ ವಿಮಾನಕ್ಕೆ ಹಾಕಲು ಶುರುಮಾಡುತ್ತಾರೆ. ಯಾರದೋ ಮನೆಯ ಒಲೆ ಆರುವ ಈ ಸುದ್ದಿಯನ್ನು ನಾವು ಭಜಿಯ ಜೊತೆ ನಂಜಿಕೊಂಡು ತಿನ್ನುತ್ತಿದ್ದೆವು.

ಮುದ್ದೇಬಿಹಾಳದವನು ನಮಗಿಂತ ಎರಡು ವರ್ಷ ಮೊದಲೇ ಕ್ಯಾಪ್ಟನ್ ಆದ. ಹೆಗಲ ಮೇಲೆ ನಾಲ್ಕು ಪಟ್ಟಿ ಹಚ್ಚಿಕೊಂಡು ಢಾಬಾಕ್ಕೇನೂ ಬರಲಿಲ್ಲ, ಎಂದಿನ ಮಾಸಿದ ಅಂಗಿಯಲ್ಲೇ ಬಂದ. ಅದೇ ನನಗೆ ಹೆಚ್ಚು ಉರಿಯಿತು. ಮೆರೆದಿದ್ದರೆ ಬಯ್ಯಲು ಒಂದು ಕಾರಣವಾದರೂ ಸಿಗುತ್ತಿತ್ತು.

ಆಮೇಲೆ ಅವನ ಕಂಪನಿ ಮುಚ್ಚಿತು. ಒಂದು ಬೆಳಿಗ್ಗೆ ಟಿವಿಯಲ್ಲಿ ಸುದ್ದಿ ಬಂತು, ಮಧ್ಯಾಹ್ನದೊಳಗೆ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಗದ್ದಲವೆದ್ದಿತು. ಸಮಾಧಾನದ ಒಂದು ಮಾತನ್ನೂ ಯಾರೂ ಬರೆಯಲಿಲ್ಲ. ಮೊದಲು ಬರೆದವನು ನಾನು: "ಮುದ್ದೇಬಿಹಾಳ, ಇನ್ನ ನೀ ಆಲಮಟ್ಟಿ ಬಸ್ ಹೊಡಿ. ಸ್ಟೇರಿಂಗ್ ಒಂದ ಹೊಸಾದು, ಉಳದದ್ದೆಲ್ಲಾ ನಿಂಗ ಬರ್ತೈತಿ." ಬಾಗೇವಾಡಿಯವನು ಬಸ್ ಕಂಡಕ್ಟರನ ಚಿತ್ರ ಹಾಕಿದ. ಇಂಡಿಯವನು, "ಸೀಟಿ ಊದಲಿಕ್ಕೆ ಕಲೀಬೇಕು ನೋಡಪಾ" ಎಂದ. ಮುದ್ದೇಬಿಹಾಳದವನು ನಗುವ ಮುಖ ಒಂದನ್ನು ಕಳಿಸಿದ. ನಮ್ಮಲ್ಲಿ ಇದಕ್ಕೆ ಸಲಿಗೆ ಅನ್ನುತ್ತಾರೆ.

ಎಂಟು ತಿಂಗಳು ಅವನು ಢಾಬಾಕ್ಕೆ ಬರಲಿಲ್ಲ. ಆಮೇಲೆ ಒಂದು ದಿನ ಗುಂಪಿನಲ್ಲಿ ಬರೆದ: ಬೇರೆ ಕಂಪನಿ ಸೇರಿದ್ದೇನೆ, ಹೊಸ ಎಂಜಿನ್ನಿನ ವಿಮಾನ ಹಾರಿಸುತ್ತಿದ್ದೇನೆ. ಜೊತೆಗೆ ಇನ್ನೊಂದು ಸುದ್ದಿ: ಗೊಳಸಂಗಿಯಲ್ಲಿ ಕನ್ಯೆ ಗೊತ್ತಾಗಿದೆ, ನಿಶ್ಚಯಕ್ಕೆ ಮೂವರೂ ಬರಬೇಕು. ಹುಡುಗಿ ನಿಡಗುಂದಿಯಲ್ಲಿ ದನದ ಡಾಕ್ಟರ್, ತಂದೆ ನಿವೃತ್ತ ಹೆಡ್‌ಮಾಸ್ತರ್.

ನನಗೆ ಸಂಶಯ ಹುಟ್ಟಿದ್ದು ಅಂದೇ, ತಿಂಗಳೊಳಗೆ ಅದು ಗಟ್ಟಿಯಾಯಿತು. ಹೊಸ ಎಂಜಿನ್ ಹಾರಿಸುವವನು ಅದನ್ನು ಬಯ್ಯದೆ ಹತ್ತು ನಿಮಿಷ ಇರಲಾರ. ಅದು ಇಂಧನ ಕಡಿಮೆ ಕುಡಿಯುತ್ತದೆ, ನಿಜ. ಆದರೆ ಇಳಿದು ಅರ್ಧ ತಾಸಿನಲ್ಲಿ ಮತ್ತೆ ಹೊರಡಬೇಕೆಂದರೆ ಜೀವ ತಿನ್ನುತ್ತದೆ. ಒಳಗಿನ ಉದ್ದನೆಯ ದಂಡ ಕಾವಿಗೆ ಕೂದಲೆಳೆಯಷ್ಟು ಬಾಗಿರುತ್ತದೆ. ಬೆಂಕಿ ಹೊತ್ತಿಸುವ ಮೊದಲು ಬರೀ ಗಾಳಿಯಲ್ಲಿ ತಿರುಗಿಸಿ ತಿರುಗಿಸಿ ಅದನ್ನು ತಣಿಸಬೇಕು. ಅಷ್ಟು ಹೊತ್ತು ಪ್ರಯಾಣಿಕರು ಗಡಿಯಾರ ನೋಡುತ್ತಾರೆ, ಟವರಿನವರು ಕರೆಯುತ್ತಾರೆ, ನಾವು ಸುಮ್ಮನೆ ಕೂಡಬೇಕು. ಹಳೆಯ ಎಂಜಿನ್ ಹಾಗಲ್ಲ, ಗುಂಡಿ ತಿರುಗಿಸಿದರೆ ನಿಮಿಷದೊಳಗೆ ಏಳುತ್ತಿತ್ತು. ಮುದ್ದೇಬಿಹಾಳದವನ ಮುಚ್ಚಿದ ಕಂಪನಿಯಲ್ಲಿದ್ದದ್ದೆಲ್ಲ ಹಳೆಯ ಎಂಜಿನ್. ಹೊಸದನ್ನು ಹಾರಿಸುತ್ತಿದ್ದೇನೆ ಎಂದವನು ಒಂದು ತಿಂಗಳಾದರೂ ಅದನ್ನು ಒಮ್ಮೆಯೂ ಬಯ್ದಿರಲಿಲ್ಲ.

ಈ ಸಂಶಯವನ್ನು ಉಳಿದಿಬ್ಬರಿಗೆ ಹೇಳಿದೆ. ಬಾಗೇವಾಡಿಯವನಿಗೆ ಹಬ್ಬವೇ ಆಯಿತು. "ನಿಶ್ಚಯದಾಗ ಕೇಳೂಣು. ಈಗ ಕೇಳಿದ್ರ ಫೋನ್ ನೋಡಿ ಹೇಳ್ತಾನ" ಎಂದ. ಬೇಡ ಅನ್ನಲು ನನ್ನಲ್ಲಿ ಬಾಯಿ ಇತ್ತು, ಅನ್ನಲಿಲ್ಲ.

ಗೊಳಸಂಗಿಯ ಆ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಎಲೆ ಅಡಿಕೆ ಬದಲಾಯಿಸಿ ಆಗಿತ್ತು, ಒಳಗೆ ಹೋಳಿಗೆ ಬೇಯುವ ವಾಸನೆ ಬರುತ್ತಿತ್ತು. ಮುದ್ದೇಬಿಹಾಳದವನು ಹೊಸ ಬಿಳಿ ಅಂಗಿಯಲ್ಲಿ ಮಾವನಾಗುವವರ ಪಕ್ಕ ಕೂತಿದ್ದ, ಸ್ವಲ್ಪ ಸೊರಗಿದ್ದ. ನಾಲ್ವರು ಪೈಲಟ್‌ಗಳು ಒಂದೇ ಕಡೆ ಸಿಕ್ಕಿದ್ದೇವೆಂದು ಬೀಗರು ಸುತ್ತುವರಿದರು.

ಹುಡುಗಿಯ ಸೋದರಮಾವ ಒಮ್ಮೆ ದಿಲ್ಲಿಗೆ ಹೋಗಿಬಂದವರು. "ವಿಮಾನ ಹೊಂಡೂದಕ್ಕ ಮೊದಲ ಕೆಳಗ ನಾಯಿ ಬೊಗಳಿದಂಗ ಸಪ್ಪಳ ಬಂತಲ್ರಿ, ನನಗ ಎದಿ ಒಡದಂಗಾತು. ಏನದು?" ಎಂದು ಕೇಳಿದರು. ಒಂದು ಎಂಜಿನ್ ಎದ್ದು ಇನ್ನೊಂದು ಏಳದಿದ್ದಾಗ ಒಂದು ಬದಿಯ ಎಣ್ಣೆಯ ಒತ್ತಡವನ್ನು ಇನ್ನೊಂದು ಬದಿಗೆ ದಾಟಿಸುವ ಪಂಪು ಅದು ಎಂದು ಮುದ್ದೇಬಿಹಾಳದವನೇ ಬಿಡಿಸಿ ಹೇಳಿದ. ಚೆನ್ನಾಗಿ ಹೇಳಿದ. ಹೆಡ್‌ಮಾಸ್ತರರು ಹೆಮ್ಮೆಯಿಂದ ಸುತ್ತ ನೋಡಿದರು. ಬಾಗೇವಾಡಿಯವನು ನನ್ನ ತೊಡೆ ಚಿವುಟಿದ.

"ಅದ ಇರಲಿ ಮುದ್ದೇಬಿಹಾಳ" ಎಂದೆ. "ಈಗಿನ ನಿನ್ನ ವಿಮಾನದಾಗ, ಇಳದು ಅರ್ಧ ತಾಸಿಗೆ ಮತ್ತ ಹೊಂಟ್ರ, ಒಂದ ಎಂಜಿನ್ ಏಳಾಕ ಎಷ್ಟು ಹೊತ್ತು ಹಿಡಿತೈತಿ?"

ಅವನು ನನ್ನನ್ನು ನೋಡಿದ. ಪ್ರಶ್ನೆ ಸಣ್ಣದು, ದಿನಾ ಹಾರಿಸುವವನು ಯೋಚಿಸುವಂಥದ್ದೇ ಅಲ್ಲ.

"ಎಷ್ಟು ಹಿಡಿತೈತಿ? ಒಂದ ನಿಮಿಷನೂ ಹಿಡಿಯಂಗಿಲ್ಲ" ಎಂದ.

ಬಾಗೇವಾಡಿಯವನು ಬಾಯಲ್ಲಿದ್ದ ಎಲೆ ಅಡಿಕೆ ಹೊರಬೀಳುವ ಹಾಗೆ ನಕ್ಕ. ಇಂಡಿಯವನು, "ಯಾವ ಕಂಪನಿ ಅದು ಹೇಳಪಾ, ನಾವೂ ಅಲ್ಲೇ ಬರ್ತೀವಿ" ಎಂದ. ಬೀಗರಿಗೆ ಏನೂ ತಿಳಿಯಲಿಲ್ಲ, ನಗುವವರನ್ನು ನೋಡಿ ತಾವೂ ಹಲ್ಲು ಬಿಟ್ಟರು. ಅವರಿಗೆ ತಿಳಿಯಲಿ ಎಂದು ನಾನು ಬಾಗಿದ ದಂಡದ ಕಥೆಯನ್ನು ನಿಧಾನವಾಗಿ, ಪಾಠ ಹೇಳುವಂತೆ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಯಾರ ಮುಖದಲ್ಲೂ ನಗು ಉಳಿದಿರಲಿಲ್ಲ.

ಅಲ್ಲಿಗೆ ಬಿಡಬಹುದಿತ್ತು. "ಕಡೀ ಸಲ ವಿಮಾನ ಇಳಿಸಿದ್ದು ಯಾವಾಗ?" ಎಂದು ಕೇಳಿದೆ.

"ಹೋದ ವಾರ."

"ಎಲ್ಲಿ?"

ಅವನು ತಂಬಿಗೆ ಎತ್ತಿ ನೀರು ಕುಡಿದ. ಗಂಟಲಮಣಿ ಏರಿ ಇಳಿಯುವುದನ್ನು ಎಲ್ಲರೂ ನೋಡುತ್ತ ಕೂತೆವು. ಅವನು ತಂಬಿಗೆ ಕೆಳಗಿಡುವ ಮೊದಲೇ ಹೆಡ್‌ಮಾಸ್ತರರು ಎದ್ದುನಿಂತು, "ಎಲಿ ಹಾಕ್ಯಾರ, ಊಟಕ್ಕ ಏಳ್ರಿ" ಎಂದರು. ನಿಶ್ಚಯ ಮುರಿಯಿತು ಎಂದೇ ನಾವು ಮೂವರೂ ತಿಳಿದೆವು. ಸುಳ್ಳು ಹೇಳಿ ಹೆಣ್ಣು ತರಲು ಹೊರಟವನನ್ನು ಹಿಡಿದುಕೊಟ್ಟೆನೆಂದು ನನಗೆ ಒಳಗೊಳಗೇ ಒಂದು ಧಿಮಾಕು. ಆ ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡು ತಿಂದೆ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಹುಡುಗಿ ಅಲ್ಲಿದ್ದಳು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು, ನನಗಾಗಿಯೇ ಕಾದಂತಿತ್ತು.

"ಅಣ್ಣಾರ, ಒಂದ ಮಾತ" ಎಂದಳು. "ಅವರಿಗೆ ನೌಕರಿ ಇಲ್ಲಂತ ನಮಗ ಗೊತ್ತೈತ್ರಿ. ನೋಡಾಕ ಬಂದ ದಿನಾನ ನಮ್ಮ ಅಪ್ಪಾರ ಮುಂದ ಹೇಳ್ಯಾರ. ಹೊಸ ವಿಮಾನದ ಪರೀಕ್ಷಾಕ್ಕ ಮನ್ಯಾಗ ಕುಂತು ಓದಾಕತ್ತಾರ."

ಸಮರ್ಥಿಸಿಕೊಳ್ಳಲು ನನಗೆ ಸಿಕ್ಕಿದ್ದು ಒಂದೇ ದಾರಿ. "ಹಂಗಾರ ಸುಳ್ಳ ಯಾಕ ಹೇಳಬೇಕಿತ್ತವ್ವಾ?" ಎಂದೆ.

"ಸುಳ್ಳ ನಮಗ ಹೇಳಿಲ್ರಿ, ನಿಮಗ ಹೇಳ್ಯಾರ. 'ದೋಸ್ತರು ಬಂದಾಗ ನೌಕರಿ ವಿಷಯಾ ಎತ್ತಬ್ಯಾಡ್ರಿ, ಅವರ ಬಾಯಿ ಭಾಳ ಕೆಟ್ಟೈತಿ' ಅಂತ ಮನಿಮಂದಿಗೆಲ್ಲಾ ಕೈ ಮುಗದು ಹೇಳಿದ್ರು. ಅಷ್ಟ ಅಂಜಿದ್ರ ಕರಿಯೂದ ಬ್ಯಾಡ ಅಂದೆ ನಾನು. ಕೇಳಲಿಲ್ಲ. 'ನನಗ ಇರೂದ ಆ ಮೂರು ಮಂದಿ' ಅಂದ್ರು."

ಇಷ್ಟು ಹೇಳಿ ಅವಳು ಹೆಗಲ ಮೇಲಿನ ಟಾವೆಲು ಕೊಟ್ಟಳು. "ಕೈ ಒರಸಿಕೋರಿ" ಎಂದು ಒಳಗೆ ಹೋದಳು.

ಅಂದು ನಾವು ಊರು ಮುಟ್ಟುವ ಮೊದಲೇ ಅವನು ಗುಂಪಿನಿಂದ ಹೊರಬಿದ್ದಿದ್ದ. ಮದುವೆ ಆಯಿತು, ನಮಗೆ ಪತ್ರಿಕೆ ಬರಲಿಲ್ಲ. ಮುಂದೆ ಪರೀಕ್ಷೆಯಲ್ಲೂ ಪಾಸಾದ, ದೊಡ್ಡ ಕಂಪನಿಯೊಂದನ್ನು ಸೇರಿದ. ಹೊಸ ಎಂಜಿನ್ನನ್ನು ಈಗ ಚೆನ್ನಾಗಿ ಬಯ್ಯುತ್ತಾನೆಂದು ಅವನ ಜೊತೆ ಹಾರಿದವರೊಬ್ಬರು ಹೇಳಿದರು.

ಹುಡುಗಿ ಹಿತ್ತಲಲ್ಲಿ ಹೇಳಿದ್ದನ್ನು ಉಳಿದಿಬ್ಬರಿಗೆ ನಾನು ಹೇಳಲಿಲ್ಲ. ಹೇಳಿದರೆ ಆ ನಗು ನನ್ನ ಕಡೆ ತಿರುಗುತ್ತಿತ್ತು. ಢಾಬಾದಲ್ಲಿ ಮೂವರೇ ಕೂಡತೊಡಗಿದೆವು. 'ಒಂದ ನಿಮಿಷನೂ ಹಿಡಿಯಂಗಿಲ್ಲ' ಎನ್ನುವುದು ನಮ್ಮ ನಡುವೆ ಗಾದೆಯಷ್ಟು ಬಳಕೆಯಾಯಿತು. ಚಹಾ ತಡವಾದರೆ ಅದೇ ಮಾತು, ಬಿಲ್ಲು ತಡವಾದರೂ ಅದೇ. ಬಾಗೇವಾಡಿಯವನು ಅವನ ಧ್ವನಿ ತೆಗೆದು ತಂಬಿಗೆ ಎತ್ತಿ ನೀರು ಕುಡಿದು ತೋರಿಸುತ್ತಿದ್ದ. ಪ್ರತಿ ಸಲವೂ ನಾನು ನಗುತ್ತಿದ್ದೆ. ನಗದಿದ್ದರೆ ಯಾಕೆ ಎಂದು ಕೇಳುತ್ತಿದ್ದರು.

ಈ ವರ್ಷ ನನ್ನ ಎಡಗಿವಿ ಕೈಕೊಟ್ಟಿತು. ಮೊದಲು ಜೀರುಂಡೆಯಂಥ ಸದ್ದು, ಆಮೇಲೆ ಹೆಡ್‌ಫೋನಿನ ಆ ಬದಿಯೇ ಸತ್ತಂತಾಯಿತು. ವರ್ಷದ ವೈದ್ಯಕೀಯ ತಪಾಸಣೆಯಲ್ಲಿ ಡಾಕ್ಟರು ಮೂರು ಸಲ ಪರೀಕ್ಷಿಸಿ, ಆರು ತಿಂಗಳು ಹಾರುವಂತಿಲ್ಲ, ಆಮೇಲೆ ನೋಡೋಣ ಎಂದು ಬರೆದರು. ಆ 'ನೋಡೋಣ' ಎಂಬುದರ ಅರ್ಥ ಪೈಲಟ್‌ಗಳಿಗೆ ಗೊತ್ತು. ಹೆಂಡತಿಗೆ ಅಂದೇ ಹೇಳಿದೆ. ಅವ್ವನಿಗೂ ಹೇಳಿದೆ. ಯಂಕಂಚಿಯ ನೆರೆಮನೆಯವರಿಗೂ ಗೊತ್ತು, ಯಾವ ಗಿಡಮೂಲಿಕೆಯ ರಸ ಕಿವಿಗೆ ಬಿಡಬೇಕೆಂದು ದಿನಾ ಒಬ್ಬರು ಬಂದು ಹೇಳುತ್ತಾರೆ. ಅದನ್ನೆಲ್ಲ ಕೇಳಿಸಿಕೊಂಡು ಕೂಡುವುದು ಕಷ್ಟವೇನಲ್ಲ.

ಗುಂಪಿನಲ್ಲಿ ಮಾತ್ರ ಹಾರುತ್ತಿದ್ದೇನೆಂದೇ ಬರೆದೆ. ಹೋದ ತಿಂಗಳು ಕೊಚ್ಚಿಯ ಮಳೆಯ ಬಗ್ಗೆ ಬರೆದೆ, ಮೊನ್ನೆ ಊಟದ ಡಬ್ಬಿಯಿಂದ ಸಿಹಿ ಹೋಯಿತೆಂದು ಬರೆದೆ. ಇಬ್ಬರೂ ನಕ್ಕರು. ನಂಬಿದರು ಅಂದುಕೊಂಡೆ. ಅವರು ಬಿಟ್ಟರೆ ಈ ಮಾತಾಡಲು ನನಗೂ ಇನ್ನಾರೂ ಇಲ್ಲ.

ಇಂದು ಮುಂಜಾನೆ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಬಾಗೇವಾಡಿಯವನ ಸಂದೇಶ ಬಂತು: "ಸಿಂದಗಿ, ಎಂಜಿನ್ನಿಗೆ ಹೊಸಾ ಸಾಫ್ಟ್‌ವೇರ್ ಹಾಕಿದ ಮ್ಯಾಲ, ಇಳದು ಅರ್ಧ ತಾಸಿಗೆ ಏಳಾಕ ಈಗ ನಿಂಗ ಎಷ್ಟು ಹೊತ್ತು ಹಿಡಿತೈತಿ?" ಅದರ ಬೆನ್ನಿಗೇ ಇಂಡಿಯವನದು: "ಹೌದು, ನೀನೇ ಹೇಳಪಾ."

ಹೊಸ ಸಾಫ್ಟ್‌ವೇರ್ ಬಂದದ್ದೇ ನನಗೆ ಗೊತ್ತಿಲ್ಲ. ಬಂದಿದೆಯೋ, ನನ್ನನ್ನು ಹಿಡಿಯಲು ಹುಟ್ಟಿಸಿದ್ದೋ, ಅದೂ ಗೊತ್ತಿಲ್ಲ. ಕಂಪನಿಯ ಗೆಳೆಯನೊಬ್ಬನಿಗೆ ಫೋನ್ ಹಚ್ಚಿದೆ, ಅವನು ಆಕಾಶದಲ್ಲಿದ್ದಾನೆ, ಎತ್ತಲಿಲ್ಲ. ಚಹಾ ಆರಿತು. ಓದಿದ್ದೇನೆ ಎನ್ನುವ ಎರಡು ನೀಲಿ ಗುರುತು ಅವರಿಬ್ಬರಿಗೂ ಆಗಲೇ ಕಂಡಿರುತ್ತವೆ. ಇಬ್ಬರೂ ಆನ್‌ಲೈನ್ ಇದ್ದಾರೆ, ಇಬ್ಬರೂ ಏನೂ ಬರೆಯುತ್ತಿಲ್ಲ, ಕಾಯುತ್ತಿದ್ದಾರೆ.