ಅಂಗಳಕ್ಕೆ ಮೆಷಿನ್ ತಂದ ಮೇಲೆ

"ಎಷ್ಟು ಎಕರೆ ಅಮ್ಮಾ?" ಎಂದು ಅಂಗಡಿಯವರು ಕೇಳಿದರು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬೇಳೆ, ಬೆಲ್ಲ ಕಟ್ಟಿಸಿಕೊಂಡು ಬರುವಾಗ ಕೈಚೀಲದ ಸಮೇತ ಆ ಮೆಷಿನ್ ಅಂಗಡಿಯ ಮೆಟ್ಟಿಲು ಹತ್ತಿದ್ದೆ. ಒಳಗೆ ಔಷಧಿ ಹೊಡೆಯುವ ಪಂಪು, ಅಡಿಕೆ ಸುಲಿಯುವ ಯಂತ್ರ, ಹೆಗಲಿಗೆ ನೇತುಹಾಕಿಕೊಂಡು ತೋಟದ ಕಳೆ ಹೊಡೆಯುವ ಕಟ್ಟರ್. ತೋಟದವರಿಬ್ಬರು ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

"ಎಕರೆ ಅಲ್ಲ. ಮನೆ ಮುಂದೆ ಸ್ವಲ್ಪ ಹುಲ್ಲಿದೆ. ಹುಲ್ಲು ಕೊಯ್ಯೋ ಮೆಷಿನ್, ಕರೆಂಟಿಂದು ಸಿಗುತ್ತಾ ಅಂತ."

"ಸ್ವಲ್ಪ ಅಂದ್ರೆ?"

ನಾನು ಸುತ್ತ ನೋಡಿ, "ಈ ಅಂಗಡಿಯಷ್ಟು" ಅಂದೆ. ಅದೂ ಕೊಂಚ ಹೆಚ್ಚಿಸಿಯೇ ಹೇಳಿದ್ದು.

ಬೆಂಚಿನ ಮೇಲಿದ್ದ ಹಿರಿಯರು ಲೋಟ ಕೆಳಗಿಟ್ಟರು. "ಅಷ್ಟಕ್ಕೆ ಮೆಷಿನ್ ಯಾಕೆ ತಾಯಿ? ಒಂದು ಕರು ಕಟ್ಟಿ, ಸಾಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿವಿ ಬಿಸಿಯಾಗಿತ್ತು. ಮತ್ತೆ ಬರ್ತೀನಿ ಎಂದು ಹೇಳಿ ಇಳಿದು ಬರುವಾಗ ಬೆಲ್ಲದ ಪೊಟ್ಟಣ ಅವರ ಮೇಜಿನ ಮೇಲೇ ಉಳಿದಿತ್ತು. ಅದನ್ನು ತರಲು ಇನ್ನೊಮ್ಮೆ ಹತ್ತಬೇಕಾಯಿತು.

ಹುಲ್ಲಿನ ಹುಚ್ಚು ನನಗೆ ಭದ್ರಾವತಿಯಲ್ಲಿ ಹತ್ತಿದ್ದು. ನಾನು ಓದಿದ ಕಾನ್ವೆಂಟಿನ ಮುಂದೆ ಒಂದು ಲಾನ್ ಇತ್ತು. ಅದರ ಮೇಲೆ ಕಾಲಿಡುವಂತಿರಲಿಲ್ಲ. ನಾವು ಬಿಳಿ ಸಾಕ್ಸ್ ಹಾಕಿಕೊಂಡು ಅದರ ಅಂಚಿನಲ್ಲಿ ಸಾಲಾಗಿ ನಡೆಯುತ್ತಿದ್ದೆವು. ಒಳಗೆ ಸಿಸ್ಟರುಗಳು ಮಾತ್ರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಮ್ಮ ಕಾರ್ಖಾನೆ ಕ್ವಾರ್ಟರ್ಸಿನ ಹಿತ್ತಲಲ್ಲಿ ನುಗ್ಗೆಮರ, ಪಕ್ಕದ ತಮಿಳರ ಮನೆಯ ಕೋಳಿ. ದೊಡ್ಡವಳಾದ ಮೇಲೆ ಒಂದು ಲಾನ್ ಇಟ್ಟುಕೊಳ್ಳಬೇಕು, ಅದರ ನಡುವೆ ಕೂರಬೇಕು ಎಂಬುದು ಆಗಿನ ಆಸೆ.

ಮದುವೆಯಾಗಿ ಬಂದ ಶಿವಮೊಗ್ಗದ ಹೊಸಮನೆ ಬಡಾವಣೆಯ ಈ ಮನೆಗೆ ಅಂಗಳವೇನೋ ಇತ್ತು. ಅಲ್ಲಿ ಹುಲ್ಲು ತನಗೆ ಇಷ್ಟ ಬಂದಂತೆ ಬೆಳೆಯುತ್ತಿತ್ತು. ಒಮ್ಮೆ ಭದ್ರಾವತಿಯಲ್ಲೇ ಇರುವ ನನ್ನ ಹಳೆಯ ಸಹಪಾಠಿ ಫೋನ್ ಮಾಡಿದಾಗ, "ನೀವು ಮೂರು ಜನ ಕಾನ್ವೆಂಟಿನವರೂ ನಮ್ಮಲ್ಲಿಗೇ ಬನ್ರೇ, ಲಾನ್ ಮೇಲೆ ಕೂತು ಮಾತಾಡೋಣ" ಎಂದುಬಿಟ್ಟೆ. ಲಾನ್ ಎಂಬ ಮಾತು ಬಾಯಿಂದ ಹೇಗೆ ಜಾರಿತೋ. ಫೋನಿಟ್ಟು ಕಿಟಕಿಯಿಂದ ನೋಡಿದರೆ ಅಂಗಳದಲ್ಲಿ ಮೊಣಕಾಲಿನವರೆಗೆ ಹುಲ್ಲು, ಅದರ ಮೇಲೆ ಒಣಹಾಕಿದ್ದ ಹಪ್ಪಳದ ಪ್ಲಾಸ್ಟಿಕ್ ಹಾಳೆ.

ಮೆಷಿನ್ ನೋಡಲು ಅವಳ ಮನೆಗೇ ಹೋದೆ. ಅವಳ ಹತ್ತಿರ ಕರೆಂಟಿನದು ಇತ್ತು. ನಮ್ಮದು ಕೆಟ್ಟಿದೆ, ಹೊಸದು ನೋಡ್ತಿದ್ದೀನಿ ಎಂದು ಸುಳ್ಳು ಹೇಳಿದೆ. ಪಾಪ, ಅವಳು ನಂಬಿ ಎಲ್ಲ ತೋರಿಸಿದಳು. ಪೆಟ್ರೋಲಿನದಾದರೆ ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು, ನಮ್ಮ ರಟ್ಟೆಗಾಗದು. ಬ್ಯಾಟರಿಯದು ಹಗುರ, ಆದರೆ ಚಾರ್ಜಿಗೆ ಹಾಕಲು ಮರೆತರೆ ಮುಗಿಯಿತು.

"ವೈರಿಂದೇ ತಗೋ ಮಾರಾಯ್ತಿ" ಅಂದಳು. "ಆದ್ರೆ ವೈರ್ ಹೆಗಲ ಮೇಲೆ ಹಾಕ್ಕೊಂಡು ಓಡ್ಸು. ನಮ್ಮನೆಯವ್ರು ಮೊದಲನೇ ದಿನಾನೇ ವೈರ್ ಕೊಯ್ದು ಇಡೀ ಮನೆ ಕತ್ತಲು ಮಾಡಿದ್ರು."

ಗಾಲಿಯ ಪಕ್ಕದಲ್ಲಿ ಒಂದು ಹಿಡಿ ಇತ್ತು. ಅದನ್ನು ಮೇಲಿನ ಕಚ್ಚಿಗೆ ಹಾಕಿದರೆ ಹುಲ್ಲು ಉದ್ದ ಉಳಿಯುತ್ತದೆ, ಕೆಳಗಿನದಕ್ಕೆ ಹಾಕಿದರೆ ನೆಲ ಹೆರೆದಂತೆ. "ನೀನು ಮೇಲಿಂದರಲ್ಲೇ ಇಡು" ಎಂದಳು. ನನ್ನ ಕಣ್ಣು ಡಬ್ಬದ ಮೇಲಿನ ಚಿತ್ರದ ಮೇಲಿತ್ತು. ಅಲ್ಲಿ ಹುಲ್ಲು ಜಮಖಾನದ ಹಾಗೆ ಹಾಸಿಕೊಂಡಿತ್ತು.

ಕೊನೆಗೆ ಅದೇ ಅಂಗಡಿಯವರೇ ಅಂಥದ್ದೊಂದನ್ನು ತರಿಸಿಕೊಟ್ಟರು. ನನ್ನ ಗಂಡ ಡಬ್ಬ ಬಿಚ್ಚುತ್ತಾ, "ಹುಲ್ಲಿಗಿಂತ ಮೆಷಿನ್ನೇ ದೊಡ್ಡದಾಯ್ತಲ್ಲ ಮಾರಾಯ್ತಿ" ಅಂದರು. ಅತ್ತೆ ಮಾತ್ರ ನಗದೆ ಪಕ್ಕದಲ್ಲಿ ಕೂತು ಕೇಳಿದರು:

"ಇದು ಬುಡದವರೆಗೂ ಕೊಯ್ಯುತ್ತಾ?"

"ಹೌದತ್ತೆ. ನುಣ್ಣಗೆ."

"ಮತ್ತೆ ಚಿಗುರೋಕೆ ಎಷ್ಟು ದಿನ ಬೇಕು?"

"ಚಿಗುರಿದ್ರೆ ಮತ್ತೆ ಕೊಯ್ದ್ರಾಯ್ತು ಬಿಡಿ."

ಅತ್ತೆ ಹೂಂ ಎಂದು ಒಳಗೆ ಹೋದರು. ನಾನು ಬಳಕೆಯ ಪುಸ್ತಕ ಓದುವುದರಲ್ಲಿ ಮುಳುಗಿದ್ದೆ.

ಆ ಹುಲ್ಲಿನಲ್ಲಿ ಮುಕ್ಕಾಲು ಪಾಲು ಗರಿಕೆ. ಪ್ರತಿ ಸಂಕಷ್ಟಿಯ ಸಂಜೆ ಅತ್ತೆ ಮಣೆ ಹಾಕಿಕೊಂಡು ಅಂಗಳದಲ್ಲಿ ಕೂರುತ್ತಿದ್ದರು. ಮೂರು ಎಸಳಿನ ಕುಡಿಗಳನ್ನು ಚಿವುಟಿ, ಇಪ್ಪತ್ತೊಂದರ ಕಟ್ಟು ಮಾಡಿ, ಬಾಳೆನಾರಿನಿಂದ ಬಿಗಿದು ಬುಟ್ಟಿಯಲ್ಲಿ ಇಡುತ್ತಿದ್ದರು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತು, ತಮ್ಮ ಮನೆಯ ಗಣಪತಿಗೆ ಒಂದೊಂದು ಕಟ್ಟು ಒಯ್ಯುತ್ತಿದ್ದರು. ಮಾವ ಹೋದ ಮೇಲೆ ಅರಿಶಿನ ಕುಂಕುಮಕ್ಕೆ ಅತ್ತೆಯನ್ನು ಯಾರೂ ಕರೆಯುವುದಿಲ್ಲ. ಹೆಂಗಸರು ಅವರ ಹತ್ತಿರ ಬಂದು ಕೂರುವುದು ತಿಂಗಳಿಗೊಮ್ಮೆ, ಈ ಗರಿಕೆಗಾಗಿ ಮಾತ್ರ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕ್ಯಾಲೆಂಡರ್ ನೋಡಲಿಲ್ಲ.

ಗೆಳತಿಯರು ಬರುವ ಹಿಂದಿನ ದಿನ ಮಧ್ಯಾಹ್ನ ವೈರನ್ನು ಹೆಗಲ ಮೇಲೆ ಹಾಕಿಕೊಂಡು, ಹಿಡಿಯನ್ನು ಎಲ್ಲಕ್ಕಿಂತ ಕೆಳಗಿನ ಕಚ್ಚಿಗೆ ಇಳಿಸಿ ಗೇಟಿನಿಂದ ಶುರುಮಾಡಿದೆ. ಹಸಿ ಹುಲ್ಲಿನ ವಾಸನೆ ಎದ್ದಿತು. ಎಷ್ಟು ಖುಷಿಯಾಗಿತ್ತೆಂದರೆ ಹೋದ ಸಾಲಿನ ಮೇಲೇ ಮತ್ತೆ ಹೋದೆ. ಅತ್ತೆ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಬುಟ್ಟಿ ಇತ್ತು. ಹೂವಿಗೆ ಹೊರಟಿದ್ದಾರೆ ಎಂದುಕೊಂಡು ನಾನು, ಹೇಗಿದೆ ಎನ್ನುವಂತೆ ಕೈ ಬೀಸಿದೆ. ಅವರು ತಲೆಯಾಡಿಸಿದರು.

ಒಳಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಅತ್ತೆ ಮಣೆಯನ್ನು ಮೆಷಿನ್ ಪಕ್ಕಕ್ಕೆ ಎಳೆದುಕೊಂಡಿದ್ದರು. ಹುಲ್ಲು ತುಂಬುವ ಡಬ್ಬಿಯನ್ನು ಮಡಿಲ ಹತ್ತಿರ ಇಟ್ಟುಕೊಂಡು, ಅದರೊಳಗಿನ ಹಸಿರು ಪುಡಿಯಲ್ಲಿ ಬೆರಳಾಡಿಸುತ್ತಿದ್ದರು. ಒಂದು ಇಡೀ ಕುಡಿ ಸಿಕ್ಕಿತು. ಅದನ್ನು ಸೀರೆಗೆ ಒರೆಸಿ ಬುಟ್ಟಿಯಲ್ಲಿಟ್ಟರು. ಮತ್ತೆ ಹುಡುಕತೊಡಗಿದರು.

ಆಗ ನನಗೆ ಇವತ್ತು ಸಂಕಷ್ಟಿ ಎಂದು ಹೊಳೆಯಿತು. ಬಾಗಿಲ ಬಳಿಯೇ ನಿಂತೆ.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಎದುರುಮನೆಯಾಕೆ ತಟ್ಟೆ ಹಿಡಿದು ಬಂದಿದ್ದರು, ಹಿಂದೆ ಇನ್ನಿಬ್ಬರು. ಮೂವರೂ ಬೋಳು ನೆಲ ನೋಡಿದರು, ಮೆಷಿನ್ ನೋಡಿದರು. ನನ್ನ ಕಡೆ ಅವರು ತಿರುಗುವ ಮೊದಲೇ ಅತ್ತೆ ಎದ್ದು ನಿಂತು ಡಬ್ಬಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು.

"ನಂಗೆ ಸೊಂಟ ನೋವು ಕಣ್ರಮ್ಮ. ಬಗ್ಗಿ ಚಿವುಟೋಕೆ ಆಗಲ್ಲ. ಅದಕ್ಕೆ ನಾನೇ ಎಲ್ಲ ಕೊಯ್ಸಿಬಿಟ್ಟೆ. ಇನ್ಮೇಲೆ ನೀವು ಬೇರೆ ಕಡೆ ನೋಡ್ಕೊಳ್ಳಿ."

"ಅಯ್ಯೋ, ಹುಷಾರಮ್ಮ" ಎಂದು ಅವರು ಹೊರಟುಹೋದರು. ರಾತ್ರಿ ಪೂಜೆಗೆ ಅತ್ತೆ ಬುಟ್ಟಿಯಲ್ಲಿದ್ದ ಆ ಎರಡು ಮೂರು ಕುಡಿಗಳನ್ನೇ ಏರಿಸಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮರುದಿನ ಗೆಳತಿಯರು ಬಂದರು. "ಎಂಥ ಲಾನ್ ಇಟ್ಟಿದ್ದೀಯೇ! ಕಾರ್ಪೆಟ್!" ಎಂದು ಭದ್ರಾವತಿಯವಳು ಚಪ್ಪಲಿ ಬಿಟ್ಟು ಓಡಾಡಿದಳು. ನಾನು ಇಷ್ಟು ವರ್ಷ ಕಾದ ಕುರ್ಚಿಯಲ್ಲಿ ಕೂತಿದ್ದೆ. ಅತ್ತೆ ಒಳಗಿನಿಂದ ಚಕ್ಕುಲಿ ಕಳಿಸಿದರು, ತಾವು ಹೊರಗೆ ಬರಲಿಲ್ಲ.

ಮೆಷಿನ್ ಮತ್ತೆ ಹೊರಗೆ ತೆಗೆಯಲಿಲ್ಲ. ಗರಿಕೆ ಗಟ್ಟಿ ಜೀವ, ತಿಂಗಳು ತುಂಬುವ ಮೊದಲೇ ಕುಡಿಯೊಡೆದು ಅಂಗಳವನ್ನೆಲ್ಲ ಮುಚ್ಚಿತು. ಮುಂದಿನ ಸಂಕಷ್ಟಿಗೆ ಅತ್ತೆ ಊಟ ಬಿಟ್ಟು ಕೂತರು. ಬುಟ್ಟಿಯ ತುಂಬ ಕಟ್ಟುಗಳಾದವು. ಬಿಸಿಲು ಇಳಿಯಿತು. ಗೇಟಿನ ಸದ್ದಾಗಲಿಲ್ಲ. ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಹೆಂಗಸರು ಬಗ್ಗಿ ಚಿವುಟುತ್ತಿರುವುದು ನಮ್ಮ ಮೆಟ್ಟಿಲಿನಿಂದಲೇ ಕಾಣುತ್ತಿತ್ತು. ಅತ್ತೆ ಆ ಕಡೆ ನೋಡದೆ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿದ್ದರು.

ನಾನು ಸೆರಗು ಸರಿಮಾಡಿಕೊಂಡು ಎದುರುಮನೆಗೆ ಹೋದೆ. ಆಕೆ ಆಗ ತಾನೇ ಸೈಟಿನಿಂದ ಬಂದು ಕೈ ತೊಳೆಯುತ್ತಿದ್ದರು.

"ಗರಿಕೆ ಬಂದಿದೆ. ಅತ್ತೆ ಕಟ್ಟಿಟ್ಟಿದ್ದಾರೆ. ನೀವು ಯಾಕೆ ಬರ್ಲಿಲ್ಲ?"

"ಅಮ್ಮಂಗೆ ಸೊಂಟ ನೋವಲ್ವಾ?"

"ನೋವೇನಿಲ್ಲ. ಮೆಷಿನ್..." ಎಂದು ಶುರುಮಾಡಿದೆ.

"ಮೆಷಿನ್ ವಿಷ್ಯ ಗೊತ್ತು ಬಿಡಿ. ಅವತ್ತು ಇಡೀ ಬೀದಿಗೆ ಕೇಳಿಸ್ತು. ನಮ್ಮನೆ ನಾಯಿ ಮಂಚದ ಕೆಳಗೆ ಸೇರ್ಕೊಂಡಿತ್ತು." ಆಕೆ ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಆದ್ರೆ ಅಮ್ಮ ಸೊಂಟ ನೋವು ಅಂದ್ರಲ್ಲ. ಅಷ್ಟು ಹೇಳಿದ ಮೇಲೂ ನಾವು ತಟ್ಟೆ ಹಿಡ್ಕೊಂಡು ಬಂದ್ರೆ, ಅವರ ಮಾತು ನಂಬ್ಲಿಲ್ಲ ಅಂತ ಆಗುತ್ತೆ. ಹಿರೀರನ್ನ ಸುಳ್ಳು ಮಾಡೋದು ಹೇಗ್ರೀ?"

ನನ್ನ ಮುಖ ಮುಚ್ಚಿಕೊಳ್ಳಲು ಸೆರಗು ಸಾಲದಾಯಿತು. ನನ್ನನ್ನು ಉಳಿಸಲು ಅತ್ತೆ ಆಡಿದ ಒಂದು ಮಾತನ್ನು ಬೀದಿಯವರೆಲ್ಲ ಸೇರಿ ಕಾಪಾಡುತ್ತಿದ್ದರು. ಮೆಟ್ಟಿಲ ಮೇಲೆ ಒಬ್ಬರೇ ಕೂತವರು ಅತ್ತೆ.

"ಈಗ ನಾನೇನು ಮಾಡ್ಲಿ?"

"ಮಾಡೋದೇನು? ಸೊಂಟ ನೋವು ವಾಸಿಯಾಯ್ತು ಅಂತ ಹೇಳಿ, ಬರ್ತೀವಿ."

ಹಾಗಾಗಿ ಆ ಸಂಜೆ ನಾನು ಮನೆಮನೆಯ ಬಾಗಿಲಲ್ಲಿ ನಿಂತು, "ಅತ್ತೆಗೆ ವಾಸಿಯಾಯ್ತು, ಬನ್ನಿ" ಎಂದು ಹೇಳಿ ಬಂದೆ. ಎಲ್ಲರೂ "ಸದ್ಯ!" ಎಂದರು. ಒಬ್ಬರೂ ಮೆಷಿನ್ ಮಾತೆತ್ತಲಿಲ್ಲ. ಅವರು ಎತ್ತದೆ ಇದ್ದಷ್ಟೂ ನನ್ನ ತಲೆ ತಗ್ಗುತ್ತಾ ಹೋಯಿತು.

ನಾನು ಗೇಟಿಗೆ ಬರುವಷ್ಟರಲ್ಲಿ ಅವರು ನನ್ನ ಹಿಂದೆಯೇ ಬಂದರು. ಕೆಲವರ ಮನೆಯಲ್ಲಿ ಸೈಟಿನ ಗರಿಕೆ ಆಗಲೇ ದೇವರ ಮುಂದೆ ಇದ್ದಿರಬೇಕು. ಆದರೂ ಖಾಲಿ ತಟ್ಟೆ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತರು.

"ಸೊಂಟ ಹೇಗಿದೆ ಅಮ್ಮ?" ಎದುರುಮನೆಯಾಕೆ ಕೇಳಿದರು.

ಅತ್ತೆ ಅವರನ್ನು ನೋಡಿದರು, ಆಮೇಲೆ ಗೇಟಿನ ಬಳಿ ನಿಂತಿದ್ದ ನನ್ನನ್ನು ನೋಡಿದರು. ಬುಟ್ಟಿಯಿಂದ ಮೊದಲ ಕಟ್ಟು ಎತ್ತಿ ಆಕೆಯ ತಟ್ಟೆಯಲ್ಲಿಟ್ಟರು.

"ಈಗ ಪರವಾಗಿಲ್ಲಮ್ಮ" ಎಂದರು. "ನನ್ನ ಸೊಸೆ ದಿನಾ ಎಣ್ಣೆ ತಿಕ್ಕಿ ತಿಕ್ಕಿ ವಾಸಿ ಮಾಡಿದ್ಲು."