ಗ್ರೈಂಡರ್ ತಿರುಗದ ಬೆಳಿಗ್ಗೆ

ಹಿಂದಿನ ಸಂಜೆಯೇ ಕರೆಂಟ್ ಹೋಗಿತ್ತು. ದೋಸೆಗೆ ಅರೆಯುವ ಹಾಗಿಲ್ಲವೆಂದು ಆ ಶನಿವಾರ ಬೆಳಿಗ್ಗೆ ಅಡುಗೆಮನೆಯ ನೆಲದಲ್ಲಿ ಕುಳಿತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದೆ. ನಾದಿನಿ ಸುಮ ಲ್ಯಾಪ್‌ಟಾಪ್ ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಳು.

“ಅತ್ತಿಗೆ, ಗ್ರೈಂಡರ್ ಹಾಕಿದ್ರಾ?”

“ಕರೆಂಟೇ ಇಲ್ಲ ಮಾರಾಯ್ತಿ, ಹೇಗೆ ಹಾಕುದು?”

ಅವಳ ಮುಖ ಬಿಳಿಚಿಕೊಂಡಿತು.

ಗುತ್ತಿಗಾರು ಪೇಟೆಯಲ್ಲಿ ಯಾರಾದರೂ ಸುಮನ ಕೆಲಸ ಏನೆಂದು ಕೇಳಿದರೆ ‘ಕಂಪ್ಯೂಟರಿನದ್ದು’ ಎಂದು ಹೇಳಿ ನಾನು ಪಾರಾಗುತ್ತೇನೆ. ನಿಜವಾಗಿ, ವಿಜ್ಞಾನಿಗಳು ಕಾಡಂಚಿನ ಮರಗಳಿಗೆ ಪೆಟ್ಟಿಗೆಗಳನ್ನು ಕಟ್ಟಿದ್ದಾರೆ. ಅವು ಹಗಲಿರುಳು ಕೇಳಿಸಿಕೊಂಡದ್ದರಲ್ಲಿ ಆನೆಯ ಸದ್ದನ್ನು ಹೆಕ್ಕುವ ಪ್ರೋಗ್ರಾಂ ಇವಳದ್ದು. ಆನೆ ಎಂದು ಕಂಡರೆ ಸುತ್ತಲಿನ ಮನೆಗಳ ಮೊಬೈಲಿಗೆ ಸಂದೇಶ ಹೋಗುತ್ತದೆ. ಆನೆಗಳು ನಮ್ಮ ಕಿವಿಗೆ ನಿಲುಕದ ತಗ್ಗು ದನಿಯಲ್ಲೂ ಮಾತಾಡುತ್ತವಂತೆ. ತುಟಿ ಅಲುಗಿಸದೆ ಮಾಡಿದ ಜಪವೂ ದೇವರಿಗೆ ಕೇಳುತ್ತದೆಂದು ನಂಬಿದವಳು ನಾನು. ಇದನ್ನು ನಂಬಲು ಕಷ್ಟವಾಗಲಿಲ್ಲ.

ವಾರವಿಡೀ ಅವಳು ಚಾವಡಿಯ ಮೂಲೆಯಲ್ಲಿ ಪರದೆಯ ಮೇಲೆ ಸದ್ದಿಗೆ ತಕ್ಕಂತೆ ಮೂಡುವ ಗೆರೆ ನೋಡುತ್ತಾ ಊಟ ಮರೆಯುತ್ತಾಳೆ. ಭಾನುವಾರ ತಾಳಮದ್ದಳೆ ಕೇಳುತ್ತಾ ಅರ್ಥಧಾರಿಗಳ ವಾದದಲ್ಲಿ ತಪ್ಪು ಹುಡುಕುತ್ತಾಳೆ. ಅದು ಅವಳ ವಿಶ್ರಾಂತಿ. ಅಭಿಪ್ರಾಯಗಳಿಗೆ ಮಾತ್ರ ರಜೆಯಿಲ್ಲ. ಯಂತ್ರವನ್ನು ನಂಬಬಾರದು, ಮನುಷ್ಯರನ್ನು ಇನ್ನೂ ನಂಬಬಾರದು, ನನ್ನ ಸಾರಿನ ಉಪ್ಪನ್ನಂತೂ ನಂಬಲೇಬಾರದು.

ಆ ವಾರದ ಸೋಮವಾರ ಬೆಳಿಗ್ಗೆ ಆರಕ್ಕೆ ನಮ್ಮ ಹಿತ್ತಿಲ ಮರದ ಪೆಟ್ಟಿಗೆ ‘ಆನೆ’ ಎಂದಿತ್ತು. ಅದೇ ಹೊತ್ತಿಗೆ ನನ್ನ ಗ್ರೈಂಡರ್ ತಿರುಗುತ್ತಿತ್ತು. ಸುಮ ಹೊಟ್ಟೆ ಹಿಡಿದು ನಕ್ಕಳು. “ನಿಮ್ಮ ಗ್ರೈಂಡರಿಗೂ ಆನೆಗೂ ಒಂದೇ ಸ್ವರ ಅತ್ತಿಗೆ!” ಆರರಿಂದ ಆರೂವರೆಯವರೆಗೆ ಆ ಪೆಟ್ಟಿಗೆ ಏನು ಹೇಳಿದರೂ ಲೆಕ್ಕಕ್ಕಿಲ್ಲ ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಳು. ಐದು ದಿನ ಅದು ಆನೆ ಎಂದಿತು, ಐದು ದಿನವೂ ನಾವು ಅಕ್ಕಿ ಎಂದೆವು.

ಇವತ್ತು ಆರು ದಾಟಿದರೂ ಗ್ರೈಂಡರ್ ಸುಮ್ಮನಿತ್ತು. ಆನೆ ಎಂದ ಅದೇ ಗೆರೆ ಮಾತ್ರ ಪರದೆಯ ಮೇಲೆ ಮೂಡುತ್ತಲೇ ಇತ್ತು.

ಆ ಐದು ಬೆಳಿಗ್ಗೆಯೂ ನಾನು ಹಿಂಬಾಗಿಲು ತೆರೆದಿಟ್ಟು, ದೇವರ ನಾಮ ಗುನುಗುತ್ತಾ, ಅಕ್ಕಿ ತೊಳೆದ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದ್ದೆ. ಬಾಳೆಯ ಆಚೆಗೆ ಯಾರು ನಿಂತು ಕೇಳುತ್ತಿದ್ದರು? ಮರುಕ್ಷಣವೇ ನೆನಪಾದದ್ದು ಚಾಕೋ. ಹಿತ್ತಿಲ ಇಳಿಜಾರಿನಲ್ಲಿ ನಮ್ಮ ರಬ್ಬರ್ ಟ್ಯಾಪಿಂಗ್ ಮಾಡುವವರು, ನೆಲ್ಯಾಡಿ ಕಡೆಯವರು. ಅರ್ಧ ಗಂಟೆ ಹಿಂದಷ್ಟೇ ಬಕೆಟ್ ಹಿಡಿದು ಇಳಿದು ಹೋಗಿದ್ದರು.

ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

“ಅಕ್ಕ, ಇಲ್ಲೇ ಉಂಟು. ಮಾತಾಡ್ಬೇಡಿ.” ಉಸಿರಿನಷ್ಟೇ ದನಿ. ಫೋನ್ ಕಟ್ ಆಯಿತು.

ಸುಮ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಪಿಸುದನಿಯಲ್ಲಿ ಹೇಳಿದಳು. ಆಮೇಲೆ ನಾವಿಬ್ಬರೂ ನೆಲದ ಮೇಲೆ ಕುಳಿತು ಆ ಗೆರೆ ನೋಡಿದೆವು. ಹೊರಗೆ ಹಕ್ಕಿಯೂ ಕೂಗಲಿಲ್ಲ. ಕಿವಿಗೆ ಏನೂ ಇಲ್ಲ, ಎದೆಯೊಳಗೆ ಮಾತ್ರ ಯಾರೋ ದೂರದಲ್ಲಿ ಬೀಸುಕಲ್ಲು ತಿರುಗಿಸಿದ ಹಾಗೆ. ಗೆರೆ ದಪ್ಪವಾದಾಗಲೆಲ್ಲ ಸುಮ ನನ್ನ ಕೈ ಹಿಂಡುತ್ತಿದ್ದಳು. “ನಾನು ಬರೆದ ಸಾಲು ಅತ್ತಿಗೆ, ನಾನೇ ಬರೆದದ್ದು” ಎಂದಳು. ನಾನು ಒಳಗೊಳಗೇ ಸುಬ್ರಹ್ಮಣ್ಯನನ್ನು ಕರೆಯುತ್ತಿದ್ದೆ. ಗೆರೆ ತೆಳ್ಳಗಾಯಿತು, ಕಡಿಯಿತು, ಮತ್ತೆ ಮೂಡಲಿಲ್ಲ.

ಆ ಮೇಲಿನಂಥ ಕೆಲವು ನಿಮಿಷಗಳು ಯಾರಿಗೂ ಬರುವುದು ಬೇಡ. ಗೆರೆಗೆ ಆನೆ ಗೊತ್ತಾಗುತ್ತದೆಯೇ ಹೊರತು ಚಾಕೋ ಇದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ.

ಕೊನೆಗೆ ಬಂದರು, ಬಕೆಟಿಲ್ಲದೆ. ಮೆಟ್ಟಿಲಲ್ಲಿ ಕುಸಿದು ಕುಳಿತರು. “ವಾರದಿಂದ ಯಾರೋ ಬೆನ್ನ ಹಿಂದೆ ನಿಂತ ಹಾಗೆ ಆಗ್ತಿತ್ತು ಅಕ್ಕ. ನಿಮ್ಮ ಗ್ರೈಂಡರ್ ಕೇಳ್ತಾ ಉಂಟಲ್ಲ, ಮನೆ ಹತ್ತಿರವೇ ಅಂತ ಧೈರ್ಯ ತಗೊಳ್ತಿದ್ದೆ.”

ಸುಮ ಪ್ರೋಗ್ರಾಮಿನಿಂದ ಆ ಸಾಲನ್ನು ಅಳಿಸಿದಳು. ಅಭಿಪ್ರಾಯವಿಲ್ಲದ ಅವಳನ್ನು ನಾನು ನೋಡಿದ್ದು ಅದೇ ಮೊದಲು. ಗೊತ್ತಿಲ್ಲದ ಸದ್ದಿಗೆ ಹೆದರುವುದನ್ನು ದೇವರು ಎಲ್ಲರಿಗೂ ಕೊಟ್ಟಿದ್ದಾನೆ. ಗೊತ್ತೆಂದುಕೊಂಡ ಸದ್ದನ್ನು ಇನ್ನೊಮ್ಮೆ ಕೇಳುವ ಬುದ್ಧಿಯನ್ನು ನಮಗೆ ಅವನು ಕರೆಂಟ್ ತೆಗೆದೇ ಕೊಡಬೇಕಾಯಿತು. ಲೈನ್‌ಮ್ಯಾನಿಗೆ ನಾನು ಹಾಕಿದ ಶಾಪವನ್ನೆಲ್ಲ ಹಿಂದಕ್ಕೆ ತೆಗೆದುಕೊಂಡೆ.

ಚಾಕೋಗೆ ಚಾ ಕೊಟ್ಟು, ನೆನೆಸಿಟ್ಟ ಬಟ್ಟೆ ಒಗೆದು ಹಿಂಡಿದೆ. ಬಟ್ಟೆ ಒಣಹಾಕುವ ಹಗ್ಗ ಇರುವುದು ಹಿತ್ತಿಲಲ್ಲಿ. ನನ್ನ ಭಕ್ತಿಗೆ ಅಷ್ಟು ಧೈರ್ಯ ಸಾಲಲಿಲ್ಲ. ಆ ದಿನ ಎಲ್ಲವನ್ನೂ ಮುಂದಿನ ಅಂಗಳದ ಗೋಡೆಯ ಮೇಲೆ ಹರವಿದೆ.