ಇನ್ನೂ ಡಾಕ್ಟರ್ ಆಗದ ಶಿವಲೀಲಾ

ಯಾರಾದರೂ ತೋಳು ಮುಂದೆ ಚಾಚಿ “ಸ್ವಲ್ಪ ನಾಡಿ ನೋಡವಾ” ಎಂದರೆ ಶಿವಲೀಲಾ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಡುತ್ತಿದ್ದಳು. ಎದುರಿನವರ ಮನಸ್ಸು ನೋಯಬಾರದೆಂದು ಮುಖದಲ್ಲೊಂದು ನಗು ಇರುತ್ತಿತ್ತು. “ನಾ ಇನ್ನೂ ಡಾಕ್ಟರ್ ಅಲ್ರಿ. ಕಲತೇನಿ, ಅಷ್ಟ” ಎನ್ನುತ್ತಿದ್ದಳು.

ನಾನು ನವನಗರದಲ್ಲಿ ಔಷಧಿ ಅಂಗಡಿ ಇಟ್ಟವನು. ಏನೂ ಕಲಿಯದವರು ಡಾಕ್ಟರಿಕೆ ಮಾಡುವುದನ್ನು ದಿನಾ ನೋಡುತ್ತೇನೆ. ಕಲಿತು ಬಂದವಳೊಬ್ಬಳು ‘ಡಾಕ್ಟರ್ ಅಲ್ಲ’ ಎಂದು ಹಟ ಹಿಡಿದದ್ದನ್ನು ನೋಡಿದ್ದು ಅದೇ ಮೊದಲು.

ಅವಳ ಮನೆ ನಮ್ಮ ಮನೆಯ ಮಗ್ಗುಲಿಗೇ ಇತ್ತು. ಅಪ್ಪ ಚನ್ನಬಸಪ್ಪನವರದು ದುರ್ಗದಬೈಲಿನಲ್ಲಿ ಅರಿವೆ ಅಂಗಡಿ. ಇಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲವೆಂದು ಮಗಳನ್ನು ಕಿರ್ಗಿಸ್ತಾನಕ್ಕೆ ಕಳಿಸಿದ್ದರು. ನಮ್ಮ ಓಣಿಯವರಿಗೆ ಹಿಮ ಬೀಳುವ ಊರೆಲ್ಲ ರಷ್ಯಾವೇ. ಹಾಗಾಗಿ ಅವಳು ‘ರಷ್ಯಾ ಡಾಕ್ಟರ್’ ಆದಳು. ಪದವಿ ಹಿಡಿದುಕೊಂಡು ಬಂದಳೇನೋ ಹೌದು. ಆದರೆ ಹೊರದೇಶದಲ್ಲಿ ಓದಿದವರು ಇಲ್ಲಿ ಮತ್ತೊಂದು ಪರೀಕ್ಷೆ ಪಾಸಾಗಬೇಕು, ಆಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿಯಬೇಕು, ಆಗಲೇ ಲೈಸೆನ್ಸ್. ಪರೀಕ್ಷೆ ವರ್ಷಕ್ಕೆ ಎರಡು ಸಲ ಬರುತ್ತಿತ್ತು. ಪ್ರತಿ ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ.

ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ ಅವಳು ಅಂಗಡಿಗೆ ಬರುತ್ತಿದ್ದಳು. ಔಷಧಿ ಡಬ್ಬಿಯೊಳಗೆ ಇರುವೆ ಸಾಲಿನಂಥ ಅಕ್ಷರಗಳ ಕಾಗದ ಮಡಿಸಿ ಇಟ್ಟಿರುತ್ತಾರಲ್ಲ, ನಾವೆಲ್ಲ ತೆಗೆದು ಒಗೆಯುವಂಥದ್ದು, ಅದನ್ನು ಬಿಚ್ಚಿ ಓದುತ್ತಾ ಕೂಡುತ್ತಿದ್ದಳು. ಓದುವಾಗ ತುಟಿ ಅಲ್ಲಾಡುತ್ತಿತ್ತು. “ಇಷ್ಟು ಓದಿ ಯಾಕವಾ ಪಾಸ್ ಆಗವಲ್ಲಿ?” ಎಂದು ಒಮ್ಮೆ ಕೇಳಿಯೇ ಬಿಟ್ಟೆ. ನನ್ನ ನಾಲಿಗೆ ಅಂಥದ್ದು. ಅವಳು ಸಿಟ್ಟಾಗಲಿಲ್ಲ. “ಅಲ್ಲೆ ನಮ್ಮ ಭಾಷಾ ಅವ್ರಿಗೆ ಬರತಿದ್ದಿಲ್ಲ, ಅವ್ರ ಭಾಷಾ ನಮಗ ಬರತಿದ್ದಿಲ್ಲ ಕಾಕಾ. ಪೇಷಂಟ್ ಮುಂದ ನಿಂತು ನೋಡಿದ್ದ ಹೆಚ್ಚು, ಮಾತಾಡಿದ್ದು ಕಡಿಮಿ. ಪರೀಕ್ಷಾ ಹಗುರ ಮಾಡ್ರಿ ಅಂತ ನಾ ಅನ್ನಂಗಿಲ್ಲ. ನಮ್ಮ ಆಯಿನ್ನ ನೋಡೋ ಡಾಕ್ಟರ್‌ಗೆ ಎಲ್ಲಾ ಗೊತ್ತಿರಬೇಕಲ್ರಿ” ಎಂದಳು. ಆಯಿ ಎಂದರೆ ನನ್ನ ಅವ್ವ. ಶಿವಲೀಲಾಳಿಗೆ ಸ್ವಂತ ಅಜ್ಜಿ ಇರಲಿಲ್ಲ, ಅವ್ವನನ್ನೇ ಹಾಗೆ ಕರೆಯುತ್ತಿದ್ದಳು.

ಸರ್ಕಲ್ಲಿನ ಹತ್ತಿರ ಕ್ಲಿನಿಕ್ ಇಟ್ಟಿದ್ದ ಡಾಕ್ಟರರೊಬ್ಬರು ಅವಳನ್ನು ಸಂಜೆಯ ಹೊತ್ತು ಬಂದು ಕೂಡಲು ಕರೆದರು. ಬೋರ್ಡು ಅವರದು, ಚೀಟಿ ಅವರದು, ಕುರ್ಚಿಯ ಮೇಲೆ ಮಾತ್ರ ಇವಳು. ಹೋಗು ಎಂದೆ ನಾನು. ಮನೆಯಲ್ಲಿ ಕೂತು ಕೊರಗುವುದಕ್ಕಿಂತ ಲೇಸಲ್ಲವೇ?

“ಪರೀಕ್ಷಾದಾಗ ಬಿದ್ರ ಮತ್ತ ಏಳಬಹುದು ಕಾಕಾ. ಇದರಾಗ ಬಿದ್ರ ಏಳಾಕ ಬರಂಗಿಲ್ಲ” ಎಂದು ಎದ್ದು ಹೋದಳು.

ಅವಳ ಅಣ್ಣನ ಲಗ್ನದ ಪತ್ರಿಕೆಯದಂತೂ ದೊಡ್ಡ ರಾಮಾಯಣ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಮದುಮಕ್ಕಳ ಹೆಸರು ಎಷ್ಟು ದೊಡ್ಡದೋ, ಕೆಳಗಿನ ‘ಸುಖಾಗಮನ ಬಯಸುವವರು’ ಸಾಲೂ ಅಷ್ಟೇ ದೊಡ್ಡದು. ಎಂಜಿನಿಯರ್, ವಕೀಲ, ನಿವೃತ್ತ ತಹಶೀಲ್ದಾರ ಎಲ್ಲರೂ ತಂತಮ್ಮ ಬಿರುದಿನೊಂದಿಗೆ ಅಲ್ಲಿ ಹಾಜರಿರಬೇಕು. ಚನ್ನಬಸಪ್ಪನವರು ಅಷ್ಟು ವರ್ಷ ಕಾದಿದ್ದೇ ಅದಕ್ಕೆ. ‘ಡಾ. ಶಿವಲೀಲಾ’ ಎಂದು ಅಚ್ಚು ಹಾಕಿಸಿ ತಂದರು. ಮಗಳು ಒಂದು ಕರಿ ಪೆನ್ನು ತಗೊಂಡು ಪಡಸಾಲೆಯಲ್ಲಿ ಕೂತು ಒಂದೊಂದೇ ಪತ್ರಿಕೆ ತೆಗೆದು ‘ಡಾ’ ಅಳಿಸತೊಡಗಿದಳು.

“ಅಲ್ಲವಾ, ಲಗ್ನಪತ್ರಿಕಾ ನೋಡಿ ಯಾರ್ ಲೈಸೆನ್ಸ್ ಕೇಳ್ತಾರ?” ಎಂದು ಅವರು ಗೋಗರೆದರು.

“ಯಾರೂ ಕೇಳಂಗಿಲ್ಲಪ್ಪಾ. ಅದಕ ಅಳಸಾಕತ್ತೇನಿ.”

ನಮ್ಮ ಮನೆಗೆ ಬಂದ ಪತ್ರಿಕೆಯಲ್ಲೂ ಹೆಸರಿನ ಹಿಂದೆ ಕರೀ ಗುರುತು ಇತ್ತು. ಬೀಗರು ಅದು ಏನೆಂದು ಕೇಳಿದಾಗ ಚನ್ನಬಸಪ್ಪನವರು ಮಸಿ ಬಿದ್ದದ್ದು ಎಂದರಂತೆ. ಪಾಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನನಗೆ ನಗು ಬಂತು, ಆಮೇಲೆ ಕೆಟ್ಟದೆನಿಸಿತು.

ಓಣಿಯವರ ಸಹನೆ ತೀರುತ್ತಾ ಬಂದಿತ್ತು. ‘ಅಷ್ಟು ದೂರ ಹೋಗಿ ಬಂದು ಒಂದು ಸೂಜಿ ಚುಚ್ಚಾಕ ಬರಂಗಿಲ್ಲ’ ಎಂಬ ಮಾತು ಅಂಗಡಿಯ ಕಟ್ಟೆಯ ಮೇಲೇ ಆಡುತ್ತಿದ್ದರು. ಅಂಥ ದಿನಗಳಲ್ಲೇ ಅವ್ವನಿಗೆ ನಿಶ್ಶಕ್ತಿ ಶುರುವಾಯಿತು. ನಾಲ್ಕು ಹೆಜ್ಜೆ ಇಟ್ಟರೆ ಉಬ್ಬಸ. ನಮ್ಮ ಜನಕ್ಕೆ ನಿಶ್ಶಕ್ತಿಯೆಂದರೆ ಔಷಧ ಒಂದೇ, ಸಲಾಯಿನ್. ಒಂದು ಬಾಟಲಿ ಏರಿಸಿಕೊಂಡರೆ ಮೈಯಲ್ಲಿ ಕಸುವು ಬರುತ್ತದೆಂದು ದೊಡ್ಡ ನಂಬಿಕೆ. ಅವ್ವನೂ ಅದನ್ನೇ ಹಿಡಿದು ಕೂತಳು. ಬಾಟಲಿ ಅಂಗಡಿಯಲ್ಲಿತ್ತು, ಏರಿಸುವವರು ಬೇಕಿತ್ತು. ಶಿವಲೀಲಾಳನ್ನು ಕರೆದೆ.

ಅವಳು ಬಂದವಳು ಅವ್ವನ ಊದಿದ ಪಾದಗಳನ್ನೇ ನೋಡುತ್ತಾ ನಿಂತಳು. “ಆಯಿ, ಮಲಗಿದ್ರ ದಮ್ಮು ಹೆಚ್ಚಾಗ್ತದೇನು?” ಎಂದು ಕೇಳಿದಳು. ಹೌದು, ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತೇನೆ ಎಂದಳು ಅವ್ವ.

“ಕಾಕಾ, ಆಟೋ ಕರೀರಿ. ಲಗೂನ ದವಾಖಾನಿಗೆ ಹೋಗೂಣು.”

“ಸಲಾಯಿನ್ ಏರಸೂದು ಬಿಟ್ಟು ದವಾಖಾನಿ ಯಾಕ?” ನನಗೆ ರೇಗಿತ್ತು.

“ನಾ ಏರಸಂಗಿಲ್ಲ. ಬ್ಯಾರೆ ಯಾರಿಗೂ ಏರಸಾಕ ಬಿಡಂಗೂ ಇಲ್ಲ. ನಡೀರಿ.”

ವಿದ್ಯಾನಗರದ ಆಸ್ಪತ್ರೆಗೆ ಅವಳೂ ಬಂದಳು. ಹೃದಯ ಸೋತಿದೆ, ಪುಪ್ಪುಸದಲ್ಲಿ ಆಗಲೇ ನೀರು ಸೇರಿದೆ, ಸಲಾಯಿನ್ ಏರಿಸಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು ಅಲ್ಲಿಯ ಡಾಕ್ಟರು. ಯಾವಾಗಿನಿಂದ ಊತ, ಯಾವ ಗುಳಿಗೆ ಎಂದು ಶಿವಲೀಲಾ ವಿವರಿಸಿದ್ದನ್ನು ಕೇಳಿ, “ನೀವು ಡಾಕ್ಟರ್ ಏನ್ರಿ?” ಎಂದರು.

“ಅಲ್ರಿ ಸರ್. ಮಗ್ಗಲ ಮನಿಯಾಕಿ” ಎಂದಳು. ‘ಹೌದು’ ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಮುಂದಿನ ಪರೀಕ್ಷೆಯಲ್ಲಿ ಅವಳು ಪಾಸಾದಳು. ಚನ್ನಬಸಪ್ಪನವರು ಓಣಿಗೆಲ್ಲ ಪೇಢೆ ಹಂಚಿದರು. ಆದರೂ ಅವಳದು ಅದೇ ರಾಗ: ಒಂದು ವರ್ಷದ ಆಸ್ಪತ್ರೆ ಕೆಲಸ ಇನ್ನೂ ಇದೆ, ಅದು ಮುಗಿಯಲಿ. ದೂರದ ಜಿಲ್ಲೆಯೊಂದರ ಸರ್ಕಾರಿ ಆಸ್ಪತ್ರೆಗೆ ಹೋದಳು. ಈಗ ಅವಳಿಗೆ ಲೈಸೆನ್ಸ್ ಬಂದಿದೆ, ಅದೇ ಸೀಮೆಯ ತಾಲೂಕು ಆಸ್ಪತ್ರೆಯಲ್ಲಿದ್ದಾಳೆ. ಇತ್ತ ಬರುವುದು ಕಡಿಮೆ. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ದುಡಿಮೆಯ ವರ್ಷ ಇನ್ನೂ ಮುಗಿಯದಿದ್ದಾಗ, ಅವ್ವ ಮತ್ತೆ ಹಾಸಿಗೆ ಹಿಡಿದಾಗ.

ಸುದ್ದಿ ತಿಳಿದು ಒಂದು ದಿನದ ರಜೆ ಹಾಕಿ ಬಂದಿದ್ದಳು. ಆಸ್ಪತ್ರೆಯವರು ಇನ್ನು ಕೈಲಾಗದೆಂದು ಅವ್ವನನ್ನು ಮನೆಗೆ ಕಳಿಸಿಬಿಟ್ಟಿದ್ದರು. ನಾನು, ನನ್ನ ಹೆಂಡತಿ, ಬಂದ ನೆಂಟರು, ಎಲ್ಲರೂ ‘ಆರಾಮ ಆಗ್ತೀ’ ಎಂದು ಅವ್ವನಿಗೆ ಹೇಳುತ್ತಲೇ ಇದ್ದೆವು. ಶಿವಲೀಲಾ ಹಾಸಿಗೆಯ ಬದಿಗೆ ಕೂತಳು. ಅವ್ವ ನಮ್ಮತ್ತ ನೋಡಲಿಲ್ಲ, ಅವಳನ್ನೇ ಕೇಳಿದಳು.

“ಯವ್ವಾ, ಇವ್ರೆಲ್ಲಾ ನನ್ನ ಸಮಾಧಾನಕ್ಕ ಹೇಳಾಕತ್ತಾರ. ನಿನಗ ಸುಳ್ಳ ಹೇಳಾಕ ಬರಂಗಿಲ್ಲ. ಈ ಸಲ ಏಳತೇನೇನು?”

ನಾನು ಬೇಡವೆಂದು ಕಣ್ಣು ಸನ್ನೆ ಮಾಡಿದೆ. ಅವಳು ನೋಡಿದಳು.

“ಇಲ್ಲ ಆಯಿ. ಈ ಸಲ ಆಗಂಗಿಲ್ಲ. ದಮ್ಮು ಹತ್ತದಂಗ ಏನೇನು ಮಾಡಬೇಕೋ ಅದನ್ನೆಲ್ಲಾ ಕಾಕಾಗ ಹೇಳಿ ಹೋಗತೇನಿ.”

ಅವ್ವ ತಲೆಯಾಡಿಸಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಸಡಿಲವಾದದ್ದನ್ನು ಕಂಡೆ. ಧಾರವಾಡದ ತನ್ನ ತಂಗಿಯನ್ನು ಕರೆಸು ಎಂದು ನನಗೆ ಹೇಳಿದಳು. ಆಮೇಲೆ ಶಿವಲೀಲಾಳ ಕಡೆ ಹೊರಳಿ, “ಛಲೋ ಆತು, ಖರೇ ಹೇಳಿದಿ. ನೀನ ನನ್ನ ಡಾಕ್ಟರ್” ಎಂದಳು.

ಇನ್ನೂ ಅಲ್ಲ ಎನ್ನುತ್ತಾಳೆಂದು ನಾನು ಕಾದೆ. ಶಿವಲೀಲಾ “ಹೂಂ ಆಯಿ” ಎಂದಳು.